ಬಟ್ಟೆಯ ಸೂರು

"ಇದೆಲ್ಲಿಂದ ಬಂತು?"

ಕೇಳಿದವನು ದರ್ಜಿ. ಕೇಳಿಸಿಕೊಳ್ಳುವವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊಲಿಗೆ ಯಂತ್ರವಿತ್ತು, ಇಸ್ತ್ರಿ ಪೆಟ್ಟಿಗೆಯಿತ್ತು, ಗೋಡೆಯ ಮೊಳೆಗಳಿಗೆ ತೋಳು ಕೂಡಿಸದ ಕೆಂಪು ಕೋಟುಗಳು ನೇತುಬಿದ್ದಿದ್ದವು. ಅವು ಯಾವುವೂ ಬಾಯಿ ಬಿಡಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಹರಡಿದ್ದ ಬಟ್ಟೆಯ ನಟ್ಟನಡುವೆ, ಇದು ಬೆನ್ನು ಎಂದು ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದ ಕಡೆಯೇ, ಒಂದು ಒದ್ದೆ ಕಲೆ ಕೂತಿತ್ತು.

ತಲೆಯೆತ್ತಿದ. ಮೇಲೆ, ಅವನ ಬೆಳ್ಳನೆಯ ಮೇಲ್ಕಟ್ಟಿನಲ್ಲಿ, ಯಾರೋ ಚಹಾ ಲೋಟ ಇಟ್ಟು ಎತ್ತಿಕೊಂಡಂತೆ ಕಂದು ಬಣ್ಣದ ಬಳೆಯೊಂದು ಮೂಡಿತ್ತು. ಅದರ ನಡುವೆ ಇನ್ನೊಂದು ಹನಿ, ಇಳಿಯಲೋ ಬೇಡವೋ ಎಂದು ಯೋಚಿಸುತ್ತ ತೂಗುತ್ತಿತ್ತು.

ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು. ಮೊದಲ ಮಳೆ ಬಂದು ಹೋಗಿ ವಾರವಾಗುತ್ತ ಬಂದಿತ್ತು; ಬೀದಿಯ ಮಣ್ಣು ಮತ್ತೆ ಎದ್ದು ಬಾಗಿಲ ಪರದೆಗೆ ಅಂಟುತ್ತಿತ್ತು. ಆಕಾಶದಲ್ಲಿ ಇಲ್ಲದ ನೀರು ಮನೆಯೊಳಗೆ ಬೀಳುತ್ತದೆಂದರೆ ಅದರ ಹಿಂದೆ ಒಂದು ಕೈ ಇರಲೇಬೇಕು. ಯಾರ ಕೈ ಎಂಬುದೂ ದರ್ಜಿಗೆ ಹೊಳೆಯಿತು. ನಿನ್ನೆ ತಾನೇ ಬಾಮೈದ ಸೂರು ಹತ್ತಿ ಇಳಿದಿದ್ದ.

ಆ ಮೇಲ್ಕಟ್ಟಿನ ವಿಷಯ ಮೊದಲು ಹೇಳಬೇಕು. ಅದು ಹೆಂಚಿನ ಮನೆ. ಮುಂದಿನ ಕೋಣೆಯೇ ಅಂಗಡಿ. ಕೆಲವು ವರ್ಷಗಳ ಹಿಂದೆ ಮೇಲಿನಿಂದ ಸಣ್ಣಗೆ, ಯಾರೋ ಹಿಟ್ಟು ಜರಡಿ ಹಿಡಿದಂತೆ, ದೂಳು ಉದುರತೊಡಗಿತ್ತು. ಗಿರಾಕಿಯೊಬ್ಬ ತನ್ನ ಕರಿ ಕೋಟನ್ನು ಕೊಡವಿ, "ಏನ್ ಮಾಸ್ಟರ್, ಕೋಟಿಗೆ ಪೌಡರ್ ಹಚ್ಚಿ ಕೊಡ್ತೀರಾ?" ಎಂದು ನಕ್ಕ. ಆ ನಗು ದರ್ಜಿಗೆ ನಾಟಿತು. ತೊಂದರೆ ಯಾವುದೇ ಇರಲಿ, ಅವನ ಕೈ ಮೊದಲು ಹೋಗುವುದು ಬಟ್ಟೆಗೆ. ದಪ್ಪ ಬಿಳಿ ಬಟ್ಟೆಯ ಪಟ್ಟೆಗಳನ್ನು ಜೋಡಿ ಹೊಲಿಗೆಯಲ್ಲಿ ಕೂಡಿಸಿ, ಗಂಜಿ ಹಾಕಿ, ಗೋಡೆಯಿಂದ ಗೋಡೆಗೆ ತೊಲೆಗಳ ಕೆಳಗೆ ಬಿಗಿದು ಕಟ್ಟಿದ. ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಅಳತೆ ಕೊಡಲು ನಿಂತವರು ಕತ್ತೆತ್ತಿ ನೋಡಿ "ಆಹಾ" ಅನ್ನುತ್ತಿದ್ದರು. ಅವನು "ಕತ್ತು ಇಳಿಸಿ, ಕಾಲರ್ ತಪ್ಪತ್ತೆ" ಎಂದು ಬೈಯುವ ನೆಪದಲ್ಲಿ ಹಿಗ್ಗುತ್ತಿದ್ದ. ತಾನು ಹೊಲಿದ ಯಾವ ಉಡುಪಿನ ಮೇಲೂ ಇಲ್ಲದ ಅಭಿಮಾನ ಅವನಿಗೆ ಆ ಬಟ್ಟೆಯ ಮೇಲೆ. ಅದನ್ನು ಯಾರೂ ಮುಟ್ಟಕೂಡದೆಂದು ಮನೆಯಲ್ಲಿ ಅಪ್ಪಣೆಯಾಗಿತ್ತು.

ಇನ್ನು ಬಾಮೈದ. ಹೆಂಡತಿಯ ತಮ್ಮ, ಹೆಂಚಿನ ಕೆಲಸದವನು. ಪ್ರತಿ ಮಳೆಗಾಲಕ್ಕೆ ಮುಂಚೆ ಕರೆಯದೆಯೇ ಬಂದು ಏಣಿ ಹಾಕಿ, ಒಡೆದ ಹೆಂಚು ತೆಗೆದು ಬೇರೆ ಹೆಂಚು ತುರುಕಿ, ಇಳಿದು ಚಹಾ ಕುಡಿದು ಹೋಗುವವನು. ಒಂದು ಮಾತಾಡುವುದಕ್ಕೆ ನಾಲ್ಕು ಸಲ ಕತ್ತು ಕೆರೆದುಕೊಳ್ಳುವ ಸ್ವಭಾವ. ನಿನ್ನೆ ಮಾತ್ರ ಇಳಿದವನು ಕತ್ತಿಗೆ ಕೈಯೇ ಹಾಕಲಿಲ್ಲ.

"ಭಾವ, ಇನ್ನು ತೇಪೆ ಕೆಲಸ ಸಾಗಲ್ಲ. ಸೂರು ಪೂರ್ತಿ ಬಿಚ್ಚಬೇಕು. ಹೆಂಚು, ಹೆಂಚಿನಡಿ ರೀಪು, ಅದನ್ನ ಹೊತ್ತಿರೋ ಜಂತೆ, ಎಲ್ಲಾ ಹೊಸದಾಗಬೇಕು" ಎಂದಿದ್ದ.

"ಹೋದ ವರ್ಷ ಗಟ್ಟಿಮುಟ್ಟಾಗಿದ್ದ ಸೂರು ಈ ವರ್ಷ ಇದ್ದಕ್ಕಿದ್ದಂಗೆ ಮುದಿಯಾಯ್ತೇನಯ್ಯಾ?"

"ಇದ್ದಕ್ಕಿದ್ದಂಗೆ ಅಲ್ಲ ಭಾವ." ಅವನ ಕೈಯಲ್ಲಿ ಎರಡು ಹೆಂಚುಗಳಿದ್ದವು. ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಠಣ್ ಎಂದು ಗಂಟೆಯ ಹಾಗೆ ಉಲಿಯಿತು. "ಇದು ಹೊಸದು, ನಾನು ತಂದಿದ್ದು." ಇನ್ನೊಂದನ್ನು ತಟ್ಟಿದ. ಒದ್ದೆ ರಟ್ಟಿನಂತೆ ದೊಬ್ ಎಂದಿತು. ಅಂಚಿನಿಂದ ಪುಡಿಯೂ ಉದುರಿತು. "ಇದು ನಿಮ್ಮದು. ನೀರು ಕುಡಿದು ಕುಡಿದು ಒಳಗೆಲ್ಲ ಸಡಿಲ ಆಗಿದೆ. ಮೇಲೆ ಮುಕ್ಕಾಲು ಪಾಲು ಹೀಗೇ ಇವೆ."

"ಕೆಟ್ಟದ್ದನ್ನ ಆರಿಸ್ಕೊಂಡು ತಂದಿದ್ದೀಯ. ನಮ್ಮದರಲ್ಲೇ ಒಂದು ಒಳ್ಳೇದನ್ನೂ ತರಬಹುದಿತ್ತಲ್ಲ?"

"ಹುಡುಕಿದೆ ಭಾವ" ಎಂದ ಬಾಮೈದ. "ಕೈಗೆ ಸಿಗಲಿಲ್ಲ."

ಸೂರು ಬಿಚ್ಚುವುದೆಂದರೆ ಕೋಣೆ ಖಾಲಿ ಮಾಡುವುದು. ಖರ್ಚು ಹೇಗೋ ಆಗುತ್ತಿತ್ತು, ಕೋಣೆ ಖಾಲಿ ಮಾಡುವುದು ಮಾತ್ರ ದರ್ಜಿಗೆ ಆಗದ ಮಾತು. ಬ್ಯಾಂಡಿನವರ ಕೋಟುಗಳು ಕೈಯಲ್ಲಿದ್ದವು. ಬಾಗಿಲೆದುರಿಗೇ, ಬೀದಿಯ ಆಚೆ ಬದಿಗೆ, ಗಾಜಿನ ಮುಖದ ರೆಡಿಮೇಡ್ ಅಂಗಡಿಯಿತ್ತು. ಅದರ ಮಾಲೀಕನಿಗೆ ದರ್ಜಿ ಮನಸ್ಸಿನಲ್ಲೇ ಹಲ್ಲುಗಿಂಜ ಎಂದು ಹೆಸರಿಟ್ಟಿದ್ದ. ಇಲ್ಲಿ ಒಂದು ತಿಂಗಳು ಬಾಗಿಲು ಹಾಕಿದರೆ ಗಿರಾಕಿಗಳು ರಸ್ತೆ ದಾಟುತ್ತಾರೆ. ರಸ್ತೆ ದಾಟಿದವರು ಹಿಂದೆ ಬರುವುದಿಲ್ಲ. ಅಪ್ಪನ ಕಾಲದಿಂದ ನಡೆದುಬಂದ ಮೇಜು ಅಲ್ಲಿಗೆ ಮುಗಿಯಿತು.

ಹನಿ ಕೊನೆಗೂ ಇಳಿಯಿತು. ದರ್ಜಿ ಬಟ್ಟೆಯನ್ನು ಸರಕ್ಕನೆ ಎಳೆದುಕೊಂಡ. ಎಳೆದುಕೊಂಡು, ಹೊಲಿಗೆ ಬಿಚ್ಚುವವನಂತೆ ಒಂದೊಂದೇ ಎಳೆಯನ್ನು ಹಿಡಿದು ಯೋಚಿಸತೊಡಗಿದ.

ಒಂದು: ಬಾಮೈದ ಈಚೆಗೆ ಆಗಾಗ ಹಲ್ಲುಗಿಂಜನ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಕಣ್ಣಾರೆ ಕಂಡಿದ್ದು. ಚಹಾ ಬೇಕಾದರೆ ಅಕ್ಕನ ಮನೆ ಇಲ್ಲವೇ? ಇನ್ನೊಂದು: ಅವನ ಪ್ಯಾಂಟು. ನಿನ್ನೆ ಏಣಿ ಇಳಿಯುವಾಗ ದರ್ಜಿಯ ಕಣ್ಣು ತಾನಾಗಿ ಹೋಗಿದ್ದು ಎಡ ಮೊಣಕಾಲಿನ ಕೆಳಗೆ, ಉದ್ದಕ್ಕೆ ಹರಿದು ಮತ್ತೆ ಹೊಲಿದಿದ್ದ ಜಾಗಕ್ಕೆ. ಮೆಟ್ಟಿಲು ಮೆಟ್ಟಿಲಿಗೂ ಆ ಕಾಲನ್ನು ಜೋಪಾನವಾಗಿ ಇಡುತ್ತಿದ್ದ. ದರ್ಜಿಯ ಬಾಮೈದನ ಪ್ಯಾಂಟು ಹರಿಯುವುದೆಂದರೇನು, ಅದು ದರ್ಜಿಯ ಕೈಗೆ ಬರದೆ ಬೇರೆ ಕಡೆ ಹೊಲಿಗೆ ಕಾಣುವುದೆಂದರೇನು? ಕೇಳಿದ್ದಕ್ಕೆ "ಸೈಕಲ್ ಭಾವ" ಎಂದು ಮುಖ ತಿರುಗಿಸಿದ್ದ.

ಮತ್ತೊಂದು ಎಳೆಯನ್ನು ಹಿಡಿಯಲು ಮನಸ್ಸಿಗೆ ಕಷ್ಟವಾಯಿತು. ಬಾಮೈದ ಸೂರಿನ ಮಾತು ತೆಗೆದಾಗ ಹೆಂಡತಿ ಅಲ್ಲೇ ಗುಂಡಿ ಹಚ್ಚುತ್ತ ಕೂತಿದ್ದಳು. ತಲೆಯ ಮೇಲಿನ ಸೂರು ಹೋಯಿತೆಂದು ಹೇಳಿದರೆ ಯಾವ ಹೆಂಗಸಾದರೂ ಒಂದು ಸಲ "ಅಯ್ಯೋ" ಅನ್ನುತ್ತಾಳೆ. ಇವಳು ದಾರ ಕಚ್ಚಿ ತುಂಡರಿಸಿದಳು, ಅಷ್ಟೆ. ಮೊದಲೇ ಕೇಳಿದ ಕಥೆಯನ್ನು ಮತ್ತೆ ಕೇಳುವವರ ಮುಖ.

ಸಾಮಾನ್ಯವಾಗಿ ಅವಳು ಸುಮ್ಮನಿರುವ ಹೆಣ್ಣಲ್ಲ. ಅವಳ ತಂದೆ ರಾಗವಾಗಿ ಪದ್ಯ ಓದುತ್ತಿದ್ದವರು. ಮಗಳಿಗೆ ಹಾಲಿನ ಜೊತೆಗೇ ಪದ್ಯ ಕುಡಿಸಿದ್ದರು. ಕೆಲಸ ಮಾಡುವಾಗ ಅವಳ ಬಾಯಲ್ಲಿ ಯಾವುದಾದರೂ ನುಡಿ ಗುಂಯ್‌ಗುಡುತ್ತಲೇ ಇರುತ್ತಿತ್ತು. ಮಳೆ ಬಂದರಂತೂ ಕೇಳುವುದೇ ಬೇಡ, ದನಿ ಏರಿಸಿ, ತಾಳ ತಟ್ಟಿ, ಇಡೀ ಮನೆ ತುಂಬುವಂತೆ ಹೇಳುತ್ತಿದ್ದಳು. "ಮೋಡ ಕಂಡ್ರೆ ನಿನಗೆ ಭಕ್ತಿ ಉಕ್ಕತ್ತೆ" ಎಂದು ದರ್ಜಿ ಕಿಚಾಯಿಸುತ್ತಿದ್ದ. ಅವಳು ನಗುತ್ತಿದ್ದಳು, ದನಿ ಇಳಿಸುತ್ತಿರಲಿಲ್ಲ. ಈಗ ನಿನ್ನೆಯಿಂದ ಅವಳ ಬಾಯಲ್ಲಿ ಒಂದು ಸಾಲೂ ಇಲ್ಲ.

"ಮಾಸ್ಟರ್, ಒಳಗಿದ್ದೀರಾ?"

ಬ್ಯಾಂಡಿನ ಯಜಮಾನ. ಗಟ್ಟಿ ಗಂಟಲು, ಊದಿ ಊದಿ ದುಂಡಗಾದ ಕೆನ್ನೆಗಳು. ಕಂಕುಳಲ್ಲಿ ಹಳೆಯ ಕೋಟೊಂದನ್ನು ಮಗುವಿನ ಹಾಗೆ ಅವುಚಿಕೊಂಡಿದ್ದ.

"ಹೊಸ ಕೋಟುಗಳು ಹೇಗೂ ಆಗ್ತಿವೆ. ಇದೊಂದು ನಮ್ಮಪ್ಪಂದು. ಬಗಲಲ್ಲಿ ಸ್ವಲ್ಪ ಬಿಟ್ಟಿದೆ. ಒಂದು ತೇಪೆ ಹಾಕಿಬಿಡಿ."

ದರ್ಜಿ ಕೋಟನ್ನು ಬಾಗಿಲ ಬೆಳಕಿಗೆ ಹಿಡಿದ. ಬಟ್ಟೆಯ ಆಚೆ ಬೀದಿ ಕಂಡಿತು. ಎರಡು ಬೆರಳುಗಳಿಂದ ಮೆಲ್ಲಗೆ ಎಳೆದ. ಎಳೆಗಳು ಸದ್ದಿಲ್ಲದೆ ಬೇರೆ ಬೇರೆಯಾದವು.

"ಆಗಲ್ಲ" ಎಂದ.

"ಏನ್ ಮಾಸ್ಟರ್, ಒಂದು ತೇಪೆಗೆ ಇಷ್ಟು ಬಿಗುಮಾನ?"

"ತೇಪೆ ಹಾಕೋದು ಕಷ್ಟ ಅಲ್ಲ. ತೇಪೆ ಹಿಡ್ಕೊಳ್ಳೋದಕ್ಕೆ ಸುತ್ತ ಬಟ್ಟೆ ಬೇಕಲ್ಲ? ಇದರಲ್ಲಿ ಹರಿದಿರೋದು ಬಗಲು ಮಾತ್ರ ಅಲ್ಲಪ್ಪಾ, ಕೋಟೇ ಸೋತಿದೆ. ನಾನು ಸೂಜಿ ಹಾಕಿದ ಕಡೆಯೆಲ್ಲ ಹೊಸ ತೂತು ಬೀಳತ್ತೆ. ನೀನು ಕೊಂಬು ಊದೋಕೆ ಕೈ ಎತ್ತಿದ್ರೆ ಜನ ಬ್ಯಾಂಡ್ ಬಿಟ್ಟು ನಿನ್ನ ಬನಿಯನ್ ನೋಡ್ತಾರೆ."

"ಈ ಒಂದು ವರ್ಷ ತಳ್ಳಿಬಿಡಿ. ನಿಮ್ಮ ಕೈಯಲ್ಲಿ ಆಗದ್ದೇನಿದೆ?"

"ನನ್ನ ಕೈ ಬಟ್ಟೆ ನೇಯಲ್ಲ, ಹೊಲಿಯತ್ತೆ. ಮಡಿಚಿ ಪೆಟ್ಟಿಗೆಯಲ್ಲಿಡು, ಮೈಮೇಲೆ ಹಾಕಬೇಡ."

ಬ್ಯಾಂಡಿನ ಯಜಮಾನ ಮುಖ ಸಪ್ಪೆ ಮಾಡಿಕೊಂಡು, ಕೋಟನ್ನು ಅಲ್ಲೇ ಮೇಜಿನ ತುದಿಗಿಟ್ಟು, "ಇಲ್ಲೇ ಇರ್ಲಿ, ನಿಮಗೆ ಮನಸ್ಸು ಬದಲಾಗಬಹುದು" ಎಂದು ಹೊರಟ. ಹೊರಡುವ ಮುನ್ನ ಅವನೂ ಕತ್ತೆತ್ತಿದ. "ಇದೇನು ಮಾಸ್ಟರ್, ಮೇಲ್ಕಟ್ಟಿಗೆ ಕಣ್ಣು ಮೂಡಿದೆ?"

ದರ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಬೀದಿಗೆ ಇಳಿದ. ಇಷ್ಟು ವರ್ಷ ಎದುರಿಗಿದ್ದರೂ ಅವನು ಆ ರಸ್ತೆಯನ್ನು ದಾಟಿದವನಲ್ಲ. ಇವತ್ತು ದಾಟಿದ. ಬಾಮೈದ ಕೂರುವ ಅದೇ ಮೆಟ್ಟಿಲ ಮೇಲೆ ಹೋಗಿ ನಿಂತ.

ಹಲ್ಲುಗಿಂಜ ಗಾಜಿನ ಬಾಗಿಲು ತೆರೆದು ಹೊರಗೆ ಬಂದ. "ಬನ್ನಿ ಮಾಸ್ಟರ್, ಬನ್ನಿ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ಶರ್ಟ್ ತೋರಿಸ್ಲಾ?"

"ನನ್ನ ಬಾಮೈದ ಇಲ್ಲಿ ಏನು ಮಾಡ್ತಾನೆ?"

"ಕೂತ್ಕೋತಾನೆ. ನಿಮ್ಮನೆ ನೋಡ್ತಾನೆ."

"ನಮ್ಮನೆ ಏನು ಸಿನಿಮಾನಾ?"

"ನೀವೂ ನೋಡಿ, ಟಿಕೆಟ್ ಇಲ್ಲ." ಹಲ್ಲುಗಿಂಜ ನಗುತ್ತ ಬೆರಳು ಚಾಚಿದ. "ನಿಮ್ಮನೆ ನಡು ಬಿದ್ದಿದೆ ಮಾಸ್ಟರ್."

ದರ್ಜಿ ತಿರುಗಿ ನೋಡಿದ. ಬಾಗಿಲಲ್ಲಿ ನಿಂತು ಬೀದಿ ನೋಡಿದ್ದನೇ ಹೊರತು ಬೀದಿಯಲ್ಲಿ ನಿಂತು ತನ್ನ ಮನೆಯ ನೆತ್ತಿಯನ್ನು ಅವನು ನೋಡಿರಲಿಲ್ಲ. ಕೊರಳಿನ ಪಟ್ಟಿಯನ್ನು ತೆಗೆದು, ಎರಡು ಕೈಗಳಲ್ಲಿ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಸೂರಿನ ನೆತ್ತಿಗೆ ಸರಿಯಾಗಿ ಎತ್ತಿದ. ಎರಡು ತುದಿಗಳೂ ಪಟ್ಟಿಗೆ ಮುಟ್ಟಿದವು. ನಡುವೆ ಮಾತ್ರ, ಒದ್ದೆ ಬಟ್ಟೆ ಹಾಕಿದ ಹಗ್ಗದಂತೆ, ನೆತ್ತಿ ಪಟ್ಟಿಯಿಂದ ಕೆಳಗೆ ಇಳಿದುಹೋಗಿತ್ತು. ಅದು ಇಳಿದದ್ದು ಕತ್ತರಿಸುವ ಮೇಜಿನ ನೇರಕ್ಕೆ. ನೆತ್ತಿಯ ಗಾರೆ ಬಿರಿದು ಅಲ್ಲಲ್ಲಿ ಹುಲ್ಲು ಹುಟ್ಟಿತ್ತು.

ಕೈ ನಡುಗಿರಬೇಕು ಎಂದುಕೊಂಡು ಇನ್ನೊಮ್ಮೆ ಹಿಡಿದ. ಕೈ ನಡುಗಿರಲಿಲ್ಲ. ಆದರೂ ಮನಸ್ಸು ಬೇರೆಯೇ ದಾರಿ ಹಿಡಿಯಿತು. ನಿನ್ನೆ ಮೇಲೆ ಹತ್ತಿದ್ದವನು ಅಲ್ಲೇನು ಮಾಡಿದನೋ ಯಾರು ಕಂಡರು? ಎರಡು ಜಂತೆಗೆ ಗರಗಸ ಹಾಕಿದರೆ ಯಾವ ಸೂರಿಗಾದರೂ ನಡು ಬೀಳುತ್ತದೆ.

"ನಿಮಗೆ ತುಂಬಾ ಸಂತೋಷ ಆಗಿರಬೇಕಲ್ಲ?" ಎಂದ.

ಹಲ್ಲುಗಿಂಜನ ಹಲ್ಲು ಒಂದು ಗಳಿಗೆ ಒಳಗೆ ಹೋಯಿತು. "ನಿಮ್ಮ ಬಾಗಿಲಲ್ಲಿ ನಿಂತ ಗಿರಾಕಿಗೇ ನನ್ನ ಅಂಗಡಿ ಕಾಣೋದು ಮಾಸ್ಟರ್. ಆ ಕಡೆ ಮನೆ ಬಿದ್ರೆ ಈ ಕಡೆ ದೂಳು ತಿನ್ನೋನು ನಾನೇ."

ಇಂಥ ಸಿಹಿ ಮಾತಿಗೆ ಮಾರುಹೋಗುವ ವಯಸ್ಸಲ್ಲ ತನ್ನದು ಎಂದುಕೊಂಡು ದರ್ಜಿ ರಸ್ತೆ ದಾಟಿ ವಾಪಸು ಬಂದ. ಹೆಂಡತಿ ಮನೆಯಲ್ಲಿರಲಿಲ್ಲ, ದಾರದ ಉಂಡೆ ತರಲು ಹೋಗುತ್ತೇನೆಂದಿದ್ದಳು. ದಾರದ ಉಂಡೆಗಳು ಗೂಡಿನಲ್ಲಿ ಸಾಲಾಗಿ ಕೂತಿದ್ದವು.

ಅಡುಗೆಮನೆಯ ಮೇಲೆ ಹಲಗೆಯ ಅಟ್ಟವಿತ್ತು. ಅಡುಗೆಮನೆಗೂ ಅಂಗಡಿಗೂ ನಡುವಿನ ಗೋಡೆ ಸೂರಿನವರೆಗೆ ಏರದೆ ಅರ್ಧಕ್ಕೇ ನಿಂತಿತ್ತು. ಆ ಸಂದಿಗೂ ದರ್ಜಿ ಅದೇ ಬಿಳಿ ಬಟ್ಟೆಯ ತೆರೆ ಹೊಡೆದಿದ್ದ. ಈಗ ಏಣಿ ಹತ್ತಿ, ಅಟ್ಟದ ಹಲಗೆಯ ಮೇಲೆ ಮಂಡಿಯೂರಿ, ತೆರೆಯ ಮುಂದೆ ಮುಖವಿಟ್ಟ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬೆರಳಿಗೆ ಸಿಕ್ಕಿತು: ಅಂಚಿನುದ್ದಕ್ಕೆ, ತಲೆ ಮತ್ತು ಹೆಗಲು ತೂರುವಷ್ಟು ಉದ್ದದ ಒಂದು ಸೀಳು. ಅದನ್ನು ಕೈಹೊಲಿಗೆಯಲ್ಲಿ ಮುಚ್ಚಲಾಗಿತ್ತು. ಒಂದು ಸಲವಲ್ಲ, ಹಳೆಯ ಸೂಜಿತೂತುಗಳ ಸಾಲುಗಳು ಒಂದರ ಮೇಲೊಂದು ಬಿದ್ದು ಅಂಚು ಜರಡಿಯಾಗಿತ್ತು.

ಹೊಲಿಗೆ ಎಡಕ್ಕೆ ವಾಲಿತ್ತು.

ದರ್ಜಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಲಗೈಯವರ ಹೊಲಿಗೆ ಹಾಗೆ ವಾಲುವುದಿಲ್ಲ. ಆ ಮನೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ. ಅದರ ಹಿಂದೆಯೇ ಇನ್ನೊಂದು ನೆನಪಾಯಿತು: ಬಾಮೈದನ ಪ್ಯಾಂಟಿನ ಹೊಲಿಗೆಯೂ ಎಡಕ್ಕೇ ವಾಲಿತ್ತು.

ಜೇಬಿನ ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿ ತಲೆ ತೂರಿಸಿದ. ಕತ್ತಲೆಯಲ್ಲಿ, ಕರಿ ಬಟ್ಟೆಗೆ ಸೂಜಿ ಚುಚ್ಚಿದಂತೆ, ಎಲ್ಲೆಲ್ಲೂ ಬಿಸಿಲಿನ ಚುಕ್ಕಿಗಳು. ಎರಡು ತೊಲೆಗಳ ಮೇಲೆ ಉದ್ದಕ್ಕೆ ಒಂದು ಹಲಗೆ. ಹಲಗೆಯ ಮೇಲೆ ಸಾಲಾಗಿ ಪಾತ್ರೆಗಳು. ತಳ ತೂತಾಯಿತೆಂದು ಹೆಂಡತಿ ಹೇಳಿದ್ದ ದಬರಿ ಅಲ್ಲಿತ್ತು. ಯಾರೋ ಕೇಳಿದರೆಂದು ಕೊಟ್ಟುಬಿಟ್ಟೆ ಎಂದಿದ್ದ ಬೇಸನ್ ಅಲ್ಲಿತ್ತು. ಮದುವೆಯ ಹೊಸತರಲ್ಲಿ ಕೊಂಡ ಹಾಲಿನ ಪಾತ್ರೆ ಕೂಡ. ಕೆಲವು ಖಾಲಿ, ಕೆಲವುಗಳಲ್ಲಿ ನೀರು. ತುದಿಯ ಪಾತ್ರೆಯೊಂದು ವಾಲಿ ನಿಂತಿತ್ತು, ಅದರ ಕೆಳಗೆ ಮೇಲ್ಕಟ್ಟು ಒದ್ದೆಯಾಗಿ ಜೋತಿತ್ತು.

ತನ್ನ ಮೇಲ್ಕಟ್ಟಿನ ಮೇಲೆ ನೀರು ಸುರಿಯಲು ಪಾತ್ರೆಗಳ ಸಾಲನ್ನೇ ಹೂಡಿಟ್ಟಿದ್ದಾರೆ! ತಮ್ಮನಾದವನು ಹೆಂಚಿಗೆ ತೂತು ಕೊರೆದಿದ್ದಾನೆ, ಅಕ್ಕ ನೀರು ತುಂಬಿಟ್ಟಿದ್ದಾಳೆ. ಬಟ್ಟೆ ಕೆಟ್ಟರೆ ಗಂಡ ಹೆದರುತ್ತಾನೆ, ಹೆದರಿದರೆ ಸೂರು ಬಿಚ್ಚಲು ಒಪ್ಪುತ್ತಾನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ.

ಕೆಳಗೆ ಬಾಗಿಲ ಸದ್ದಾಯಿತು. ಎರಡು ಜೋಡಿ ಹೆಜ್ಜೆ. ಅದರಲ್ಲಿ ಒಂದು ಕುಂಟು.

ದರ್ಜಿ ಹಾಲಿನ ಪಾತ್ರೆಯನ್ನು ಹಿಡಿದುಕೊಂಡೇ ಇಳಿದ. ಹೆಂಡತಿಯ ಮುಂದೆ, ಮೇಜಿನ ಮೇಲೆ, ನೀರು ತುಳುಕುವಂತೆ ಅದನ್ನು ಕುಕ್ಕಿದ. "ಇದೇನು?"

ಹೆಂಡತಿ ಪಾತ್ರೆ ನೋಡಿದಳು, ಗಂಡನ ತಲೆಯ ಮೇಲಿನ ಜೇಡರ ಬಲೆ ನೋಡಿದಳು. "ಹತ್ತಿದ್ರಾ?" ಎಂದಳು. ಹೆದರಿದ ದನಿಯಲ್ಲ, ಬಹಳ ಹೊತ್ತು ಹೊತ್ತ ಕೊಡವನ್ನು ಇಳಿಸಿದವಳ ದನಿ.

"ಅಕ್ಕ ತಮ್ಮ ಸೇರಿ ಎಷ್ಟು ದಿನದಿಂದ ನಡೆಸಿದ್ದೀರಿ ಈ ನಾಟಕ? ನನ್ನ ಬಟ್ಟೆ ಮೇಲೆ ನೀರು ಹುಯ್ಯೋಕೆ ನಿಮಗೆ ಕೈ ಹೇಗೆ ಬಂತು?"

"ಹುಯ್ಯೋಕಾ?" ಬಾಮೈದ ಬಾಯಿ ತೆರೆದ. ಕತ್ತಿಗೆ ಕೈ ಹೋಯಿತು.

"ನೀನು ಸುಮ್ಮನಿರು" ಎಂದಳು ಅಕ್ಕ. ಗಂಡನ ಕಡೆ ತಿರುಗಿದಳು. "ರೀ, ಹುಯ್ದಿದ್ದಲ್ಲ ಅದು, ಹಿಡಿದಿದ್ದು. ಮೊದಲ ಮಳೆಯಲ್ಲಿ ಬಿದ್ದ ನೀರು. ಇಷ್ಟು ದಿನ ನಿಮ್ಮ ಕಣ್ಣು ತಪ್ಪಿಸೋಕಾಗಲಿಲ್ಲ, ಇವತ್ತು ಬೆಳಗ್ಗೆ ನೀವು ಏಳೋ ಮುಂಚೆ ಖಾಲಿ ಮಾಡೋಣ ಅಂತ ಹೋದೆ. ಒಂದು ಪಾತ್ರೆ ಕೈ ಜಾರಿ ವಾಲಿಬಿಡ್ತು. ಆ ಕಲೆ ನನ್ನದೇ, ತಪ್ಪಾಯ್ತು. ಉಳಿದಿದ್ದು ಯಾವುದೂ ನನ್ನ ತಪ್ಪಲ್ಲ."

"ಹಾಗಾದ್ರೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದೆ. ದೂಳು ಉದುರೋಕೆ ಶುರುವಾದಾಗ್ಲೇ ಹೇಳಿದೆ. ಇದು ದೂಳಲ್ಲ, ಮರದ ಹುಡಿ, ಒಳಗೆ ಹುಳ ತಿಂತಿದೆ ಅಂದೆ. ನೀವು ಬಟ್ಟೆ ಕಟ್ಟಿದ್ರಿ."

ಅವಳು ಹಾಗೆ ಹೇಳಿದ್ದು ದರ್ಜಿಗೆ ನೆನಪಿತ್ತು. ನೆನಪಿರಲಿಲ್ಲ ಎಂದುಕೊಳ್ಳುವಷ್ಟು ಹಿಂದೆ ಅದನ್ನು ಮಡಿಚಿಟ್ಟಿದ್ದ.

"ಬಂದವರೆಲ್ಲ ಹೊಗಳಿದ್ರು. ನಿಮ್ಮ ಮುಖ ನೋಡಿ ನನಗೂ ಬಾಯಿ ಬರಲಿಲ್ಲ. ಆಮೇಲೆ ಸೋರೋಕೆ ಶುರುವಾಯ್ತು, ಪಾತ್ರೆ ಇಟ್ಟೆ. ಒಂದಿದ್ದದ್ದು ಎರಡಾಯ್ತು, ಎರಡಿದ್ದದ್ದು ಸಾಲಾಯ್ತು. ಇವನು ಮೇಲಿಂದ ತೇಪೆ ಹಾಕ್ತಾ ಬಂದ, ನಾನು ಒಳಗಿಂದ ಹಿಡೀತಾ ಬಂದೆ."

"ಮಳೆ ಬಂದಾಗ ಪಾತ್ರೆಗೆ ಹನಿ ಬಿದ್ರೆ ಸದ್ದಾಗಬೇಕಿತ್ತಲ್ಲ?" ಎಂದ ದರ್ಜಿ, ಇನ್ನೂ ಸುಳ್ಳಿನ ಎಳೆ ಹುಡುಕುತ್ತ. "ನಾನು ಕೆಳಗೇ ಇರ್ತೀನಿ. ಒಂದು ದಿನವೂ ಕೇಳಿಲ್ಲ."

ಹೆಂಡತಿ ಉತ್ತರ ಕೊಡಬೇಕಾಗಿ ಬರಲಿಲ್ಲ. ಮಳೆಯ ದಿನಗಳ ಆ ಏರುದನಿ, ಆ ತಾಳ, ಗುಡುಗಿಗೂ ಬಿಡದೆ ಸಾಲಿನ ಹಿಂದೆ ಸಾಲು, ಉಸಿರಿಗೂ ನಿಲ್ಲದ ಆ ಪದ್ಯಗಳು ಅವನ ಕಿವಿಯಲ್ಲಿ ಒಮ್ಮೆಲೇ ಎದ್ದವು. ಅವುಗಳ ಕೆಳಗೆ, ಇಷ್ಟು ವರ್ಷ ಕೇಳಿಸದಿದ್ದ ಟಪ್ ಟಪ್ ಕೂಡ.

ಆದರೂ ಗುಮಾನಿ ಸುಲಭಕ್ಕೆ ಜಾಗ ಬಿಡುವ ಅತಿಥಿಯಲ್ಲ. ಅವನು ಬಾಮೈದನ ಕಡೆ ತಿರುಗಿದ. "ಇಷ್ಟು ವರ್ಷ ಸುಮ್ಮನಿದ್ದವನಿಗೆ ಈ ವರ್ಷವೇ ಯಾಕೆ ಬಾಯಿ ಬಂತು? ಸೈಕಲ್ ಅಂದೆಯಲ್ಲ, ತೋರಿಸು ಕಾಲು."

ಬಾಮೈದ ಅಕ್ಕನನ್ನು ನೋಡಿದ. ಅವಳು ತಲೆಯಾಡಿಸಿದಳು. ಪ್ಯಾಂಟು ಮೇಲೆತ್ತಿದ. ಕಣಕಾಲಿನಿಂದ ಮೊಣಕಾಲಿನವರೆಗೆ, ಮರದ ಸಿಗುರು ಉದ್ದಕ್ಕೆ ಗೀರಿದ ಗಾಯ, ಇನ್ನೂ ಹಸಿ.

"ಮೊದಲ ಮಳೆ ಬಂದ ಮಾರನೇ ದಿನ ಬಂದಿದ್ದೆ, ನೀವು ಬಟ್ಟೆ ತರೋಕೆ ಹೋಗಿದ್ರಿ" ಎಂದ. "ಸೂರಿನ ನಡು ಇಳಿದಿದೆಯಲ್ಲ, ಅಲ್ಲಿ ಕಾಲಿಟ್ಟೆ. ರೀಪು, ಜಂತೆ ಎರಡೂ ಮುರೀತು. ತೊಡೆವರೆಗೆ ಒಳಗೆ ಹೋದೆ. ತೊಲೆಗೆ ಕೈ ಸಿಗದೆ ಇದ್ದಿದ್ರೆ ನಿಮ್ಮ ಮೇಜಿನ ಮೇಲೆ ಬೀಳ್ತಿದ್ದೆ ಭಾವ. ಹೆಂಚಿನ ಸಮೇತ."

"ಮೇಜಿನ ಮೇಲಲ್ಲ" ಎಂದಳು ಹೆಂಡತಿ. "ಮೇಜಿನ ಮುಂದೆ ನಿಂತಿರೋರ ಮೇಲೆ. ಬೆಳಗಿಂದ ಸಂಜೆವರೆಗೆ ಅಲ್ಲಿ ಯಾರು ನಿಂತಿರ್ತಾರೆ?"

ಬಾಗಿಲ ಪರದೆ ಒಮ್ಮೆ ಉಬ್ಬಿ ಬಿದ್ದಿತು. ಗಾಳಿಗೆ ಮಣ್ಣಿನ ವಾಸನೆಯಿತ್ತು. ಬಿಸಿಲು ಯಾವಾಗಲೋ ಮಂಕಾಗಿತ್ತು.

ದರ್ಜಿ ಮತ್ತೆ ಏಣಿ ಹತ್ತಿದ. ಈ ಸಲ ಸೀಳಿನೊಳಕ್ಕೆ ಕೈ ಚಾಚಿ, ಹತ್ತಿರದ ಜಂತೆಗೆ ಕತ್ತರಿಯ ತುದಿಯನ್ನು ಒತ್ತಿದ. ಮರ ತಡೆಯುತ್ತದೆ ಎಂದುಕೊಂಡಿದ್ದ. ಕತ್ತರಿ ಸಾಬೂನಿಗೆ ಹೊಕ್ಕಂತೆ ಹೊಕ್ಕಿತು. ಹಿಂದೆಗೆದಾಗ ತೂತಿನಿಂದ ಸಣ್ಣ ಹುಡಿ, ಗಿರಾಕಿ ನಕ್ಕಿದ್ದ ಅದೇ ಪೌಡರು, ಅವನ ತೋಳಿನ ಮೇಲೆ ಉದುರಿತು. ಮೇಲ್ಕಟ್ಟಿನ ಮೇಲ್ಮೈಯನ್ನು ಸವರಿದ. ಅಂಗೈ ಮುಳುಗುವಷ್ಟು ಹುಡಿ. ಬೆಳ್ಳಗೆ ಬಿಗಿಯಾಗಿ ಕಾಣುತ್ತಿದ್ದ ಬಟ್ಟೆ ಇಷ್ಟು ವರ್ಷ ಮನೆಯ ಮೂಳೆಯನ್ನು ಹೊತ್ತುಕೊಂಡಿತ್ತು.

ಇಳಿದು ಬಂದವನಲ್ಲಿ ಗುಮಾನಿ ಉಳಿದಿರಲಿಲ್ಲ. ಅದು ಹೋದ ಜಾಗಕ್ಕೆ ಹೆದರಿಕೆ ಬಂದು ಕೂತಿತ್ತು: ಗೋಡೆಯ ಕೆಂಪು ಕೋಟುಗಳ ಹೆದರಿಕೆ, ಮುಚ್ಚಿದ ಬಾಗಿಲಿನ ಹೆದರಿಕೆ, ರಸ್ತೆ ದಾಟುವ ಗಿರಾಕಿಗಳ ಹೆದರಿಕೆ.

"ನೋಡಯ್ಯಾ" ಎಂದ ಬಾಮೈದನಿಗೆ, ಎಂದೂ ಇಲ್ಲದ ಮೆದುದನಿಯಲ್ಲಿ. "ನೀನು ಹೇಳಿದ್ದು ನಿಜ. ಒಪ್ಕೊಂಡೆ. ಆದ್ರೆ ಬ್ಯಾಂಡಿನವರ ಕೋಟು ಮುಗಿಯೋತನಕ, ಈ ಒಂದು ಮಳೆಗಾಲ ತಳ್ಳಿಬಿಡು. ನಿನ್ನ ಕೈಯಲ್ಲಿ ಆಗದ್ದೇನಿದೆ?"

ಬಾಮೈದ ಕತ್ತು ಕೆರೆದುಕೊಂಡ. ಒಮ್ಮೆ, ಎರಡನೆಯ ಸಲ. ಭಾವ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ಅಕ್ಕ, ಭಾವ ಇಷ್ಟು ಹೇಳ್ತಿದ್ದಾರೆ… ಆ ಮುರಿದ ಕಡೆ ಒಂದು ಊರೆಗೋಲು ಕೊಟ್ಟು, ಮೇಲೆ ಟಾರ್ಪಾಲು ಹೊದಿಸಿ…"

ದರ್ಜಿಗೆ ಜೀವ ಬಂತು. "ಅಷ್ಟು ಮಾಡು ಸಾಕು! ಏ ಇವಳೇ, ಕೇಳಿದ್ಯಾ, ನಿನ್ನ ತಮ್ಮನೇ ಒಪ್ಪಿದ. ಹತ್ತಿ ಆ ಸೀಳನ್ನ ಮುಚ್ಚಿಬಿಡು. ಇಷ್ಟು ವರ್ಷ ಹೊಲಿದ ಕೈ, ಇನ್ನೊಂದು ಸಲ ಹೊಲಿದ್ರೆ ಸವೆದುಹೋಗತ್ತಾ? ಈ ಕಲೆಗೆ ನಾನು ಸುಣ್ಣ ಬಳೀತೀನಿ, ಯಾರಿಗೂ ಕಾಣಲ್ಲ."

ಸೂಜಿದಿಂಬಿನಿಂದ ದಪ್ಪ ಸೂಜಿಯೊಂದನ್ನು ಕಿತ್ತು, ಬಿಳಿ ದಾರ ಪೋಣಿಸಿ, ಅವಳ ಎಡಗೈಗೆ ನೀಡಿದ.

ಅವಳು ಸೂಜಿ ತೆಗೆದುಕೊಂಡಳು. ಅದನ್ನು ಒಂದು ಗಳಿಗೆ ನೋಡಿದಳು. ಮೇಜಿನ ತುದಿಯಲ್ಲಿ ಬ್ಯಾಂಡಿನ ಯಜಮಾನ ಬಿಟ್ಟುಹೋಗಿದ್ದ ಹಳೆಯ ಕೋಟು ಬಿದ್ದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಅದರ ಮಗ್ಗುಲಲ್ಲಿದ್ದ ಸೂಜಿದಿಂಬಿಗೆ ಸೂಜಿಯನ್ನು ಬುಡದವರೆಗೆ ಚುಚ್ಚಿದಳು. ದಾರವನ್ನು ಅದರ ಸುತ್ತ ಸುತ್ತಿದಳು. ಹೊರಗೆ ಮೊದಲ ಹನಿಗಳು ಹೆಂಚಿನ ಮೇಲೆ ಬೀಳತೊಡಗಿದ್ದವು; ಒಳಗೆ, ಮೇಲೆಲ್ಲೋ, ಪಾತ್ರೆಯೊಂದು ಟಪ್ ಎಂದಿತು. ಅವಳು ದನಿ ಏರಿಸಲಿಲ್ಲ. ಮೂವರೂ ಅದನ್ನು ಕೇಳಿಸಿಕೊಂಡರು.

"ಹೊಲಿಯಲ್ಲ" ಎಂದಳು.